ಉಪ್ಪಿನ ನೆಲದಲ್ಲಿ ಹೂತ ಬಸ್ಸು

ಜೂಲಿಯೆಟ್ ಮತಾಯಸ್ ಶಿರ್ವದಿಂದ ಕತಾರಿನ ದೋಹಾಕ್ಕೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅದರಲ್ಲಿ ಹದಿನೇಳು ವರ್ಷ ಒಂದೇ ಶಾಲೆಯಲ್ಲಿ ಭೂಗೋಳ ಕಲಿಸಿದ್ದಳು. ಅದು ಭಾರತದ ಪಠ್ಯಕ್ರಮದ ಶಾಲೆ. ಅಲ್ಲಿಯ ಮಕ್ಕಳು ಮಹಾನದಿ ಎಲ್ಲಿ ಹುಟ್ಟುತ್ತದೆ, ಕೋಸಿ ಎಲ್ಲಿ ಉಕ್ಕುತ್ತದೆ ಎಂದು ನಿದ್ದೆಯಲ್ಲೂ ಹೇಳುತ್ತಿದ್ದರು. ಆದರೆ ತಾವು ಹುಟ್ಟಿ ಬೆಳೆದ ದೇಶದ ನೆಲ ಹೇಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಒಮ್ಮೆ ಒಂಬತ್ತನೇ ತರಗತಿಯಲ್ಲಿ ಅವಳು, "ನಿಮ್ಮ ಮನೆಯ ಬಾಲ್ಕನಿಯಿಂದ ಸೂರ್ಯ ಮುಳುಗುವುದು ಕಾಣ್ತದಾ?" ಎಂದು ಕೇಳಿದಳು. ಮೂವತ್ತೆಂಟು ಮಕ್ಕಳಲ್ಲಿ ಒಬ್ಬರೂ ಕೈಯೆತ್ತಲಿಲ್ಲ. ಬಾಲ್ಕನಿಯ ಬಾಗಿಲು ತೆರೆದರೆ ಏಸಿಯ ತಂಪು ಹೋಗುತ್ತದೆ ಎಂದು ಮನೆಗಳಲ್ಲಿ ಅದನ್ನು ತೆರೆಯುವುದೇ ಇಲ್ಲವಂತೆ.

ಆ ವರ್ಷವೇ ಅವಳು ಪ್ರಿನ್ಸಿಪಾಲರ ಹಿಂದೆ ಬಿದ್ದು ಒಪ್ಪಿಗೆ ಪಡೆದಳು. ಅಲ್ಲಿಂದ ಪ್ರತಿ ಜನವರಿಯಲ್ಲಿ ಒಂಬತ್ತನೇ ತರಗತಿಯನ್ನು ಪಶ್ಚಿಮ ಕರಾವಳಿಗೆ ಕರೆದುಕೊಂಡು ಹೋಗುತ್ತಿದ್ದಳು. ದುಖಾನ್ ರಸ್ತೆಯಲ್ಲಿ ಒಂದು ಗಂಟೆ ಓಡಿ, ದುಖಾನ್ ಊರಿಗೆ ಸ್ವಲ್ಪ ಮೊದಲೇ ಬಲಕ್ಕೆ ತಿರುಗಿ, ಡಾಂಬರು ಮುಗಿದ ಮೇಲೆ ಒಂದೂವರೆ ಕಿಲೋಮೀಟರು ಜಲ್ಲಿ ದಾರಿಯಲ್ಲಿ ಹೋದರೆ ಒಂದು ಗಟ್ಟಿ ನೆಲ ಸಿಗುತ್ತದೆ. ಬಸ್ಸು ಅಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಸಮುದ್ರಕ್ಕೆ ಆರೇಳು ನೂರು ಮೀಟರು ನಡಿಗೆ. ಮಕ್ಕಳು ಟೇಪು, ಕೋಲು, ಹಗ್ಗ ಹಿಡಿದು ದಡದ ಇಳಿಜಾರು ಅಳೆಯುತ್ತಿದ್ದರು, ಚಿಪ್ಪು ಹೆಕ್ಕುತ್ತಿದ್ದರು, ಮರಳನ್ನು ಜರಡಿ ಹಿಡಿಯುತ್ತಿದ್ದರು. ಮನೆಗೆ ಮರಳುವಾಗ ಎಲ್ಲರ ಶೂಗಳಲ್ಲಿ ಉಪ್ಪು ಇರುತ್ತಿತ್ತು. ವರ್ಷದ ಉಳಿದ ದಿನಗಳೆಲ್ಲ ಈ ಒಂದು ದಿನಕ್ಕಾಗಿ ಎಂಬಂತೆ ಜೂಲಿಯೆಟ್ ಇದಕ್ಕೆ ಕಾಯುತ್ತಿದ್ದಳು.

ಕಳೆದ ಆರು ವರ್ಷಗಳಲ್ಲಿ ಈ ಪ್ರವಾಸದ ಬಸ್ಸು ಓಡಿಸಿದವನು ತಾಹಿರ್. ವಿಟ್ಲದ ಕಡೆಯವನು, ಬ್ಯಾರಿ, ನಲವತ್ತೈದರ ಆಸುಪಾಸು. ಶಾಲೆಗೆ ಬಸ್ಸು ಒದಗಿಸುತ್ತಿದ್ದ ಒಂದು ಖಾಸಗಿ ಕಂಪನಿಯ ನೌಕರ. ಅವಳ ಮನೆಯಿದ್ದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಶಾಲಾ ಬಸ್ಸೂ ಅವನದೇ ಆಗಿದ್ದರಿಂದ ಜೂಲಿಯೆಟ್ ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ಅದನ್ನೇ ಹತ್ತುತ್ತಿದ್ದಳು. ಮನೆಯಲ್ಲಿ ಅವಳದು ಕೊಂಕಣಿ, ಅವನದು ಬ್ಯಾರಿ ಭಾಷೆ. ಇಬ್ಬರ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳುತ್ತಿತ್ತು. ಊರಿನ ಮಳೆ, ಮೀನಿನ ರೇಟು, ಅವನ ಮಗಳ ಪರೀಕ್ಷೆ, ಅವಳ ಮಗಳು ಕ್ಯಾರೊಲ್‌ಳ ಮಂಗಳೂರಿನ ಹಾಸ್ಟೆಲು, ಹೀಗೆ ಇಪ್ಪತ್ತು ನಿಮಿಷ ಕಳೆಯುತ್ತಿತ್ತು. ಈ ಆರು ವರ್ಷದಲ್ಲಿ ಅವನು ಒಮ್ಮೆಯೂ ತಡವಾಗಿ ಬಂದವನಲ್ಲ. ಬ್ರೇಕನ್ನು ಗಕ್ಕನೆ ಒತ್ತಿದವನೂ ಅಲ್ಲ.

ಆ ಸಲದ ಪ್ರವಾಸಕ್ಕೆ ನಲವತ್ತೆರಡು ಮಕ್ಕಳಿದ್ದರು. ಅವರಲ್ಲಿ ಆಶ್ರಿತಾ ಎಂಬ ಹುಡುಗಿಯ ಬಲಗಾಲಿಗೆ ಮೊಣಕಾಲಿನ ತನಕ ಪ್ಲಾಸ್ಟರು. ಮೂರು ವಾರದ ಹಿಂದೆ ಬ್ಯಾಡ್ಮಿಂಟನ್ ಆಡುವಾಗ ಬಿದ್ದು ಮೂಳೆ ಬಿರುಕು ಬಿಟ್ಟಿತ್ತು. ತಂದೆ ವಿನಯ್ ಮೈಸೂರಿನವನು, ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಎಂಜಿನಿಯರು. ತಾಯಿ ಕಾಂತಾಮಣಿ ಹಿಂದಿನ ದಿನ ಶಾಲೆಗೆ ಬಂದು ಒಂದು ಚೀಟಿ ಕೊಟ್ಟು ಹೋಗಿದ್ದಳು. ‘ಮಗಳು ಎರಡು ದಿನದಿಂದ ಊಟ ಬಿಟ್ಟಿದ್ದಾಳೆ. ಬಸ್ಸಿನಿಂದ ಇಳಿಯುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ದಯವಿಟ್ಟು ಕರೆದುಕೊಂಡು ಹೋಗಿ.’

ಜೂಲಿಯೆಟ್‌ಗೆ ಬೇಡ ಎನ್ನಲಾಗಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಬಸ್ಸು ಗಟ್ಟಿ ನೆಲ ತಲುಪಿತು. ಚಳಿಗಾಳಿ ಬೀಸುತ್ತಿತ್ತು, ಬಿಸಿಲು ತೆಳ್ಳಗಿತ್ತು. ಎದುರಿಗೆ ಬೂದು ಬಿಳುಪಿನ ಚಪ್ಪಟೆ ನೆಲ, ಅದರಾಚೆ ಸಮುದ್ರದ ನೀಲಿ ಗೆರೆ. ಈ ನೆಲಕ್ಕೆ ಅರಬ್ಬಿಯಲ್ಲಿ ಸಬ್ಖಾ ಎನ್ನುತ್ತಾರೆ. ಮೇಲೆ ಉಪ್ಪಿನ ಹಪ್ಪಳ, ಕೆಳಗೆ ನೆಂದ ಕೆಸರು. ಹಿಂದಿನ ದಿನವಷ್ಟೇ ಜೂಲಿಯೆಟ್ ಇದನ್ನು ಬೋರ್ಡಿನ ಮೇಲೆ ಪದರ ಪದರವಾಗಿ ಬಿಡಿಸಿ ತೋರಿಸಿದ್ದಳು. ಪಿ.ಟಿ. ಮೇಷ್ಟ್ರು ಫ್ಲಾಯ್ಡ್ ಮಕ್ಕಳನ್ನು ಎರಡು ಸಾಲು ಮಾಡಿ ನಡೆಸಿಕೊಂಡು ಹೊರಟ. ಬಸ್ಸಿನಲ್ಲಿ ಉಳಿದವರು ಮೂವರು: ಜೂಲಿಯೆಟ್, ತಾಹಿರ್, ಕಾಲು ಚಾಚಿ ಕೂತ ಆಶ್ರಿತಾ.

ಆಶ್ರಿತಾ ಕಿಟಕಿಗೆ ಮುಖ ಹಚ್ಚಿದ್ದಳು. "ಮ್ಯಾಮ್, ಇಲ್ಲಿಂದ ನೀರು ಕಾಣಲ್ಲ. ಬರೀ ಲೈನ್ ಕಾಣುತ್ತೆ."

"ಫ್ಲಾಯ್ಡ್ ಸರ್ ವಿಡಿಯೋ ಮಾಡಿ ತರ್ತಾರೆ."

"ವಿಡಿಯೋ ಮನೇಲೂ ನೋಡಬಹುದಲ್ಲಾ ಮ್ಯಾಮ್." ಹುಡುಗಿ ಅಳಲಿಲ್ಲ. ಮತ್ತೆ ಕಿಟಕಿಗೆ ತಿರುಗಿದಳು. ಅವಳು ಅತ್ತಿದ್ದರೆ ಜೂಲಿಯೆಟ್ ಗದರಿಸಿ ಕೂರಿಸುತ್ತಿದ್ದಳೇನೋ.

ನೆಲದ ಮೇಲೆ ಹಳೆಯ ಚಕ್ರದ ಗುರುತುಗಳು ಸಮುದ್ರದ ಕಡೆಗೆ ಹೋಗಿದ್ದವು. ಜೂಲಿಯೆಟ್ ಅವನ್ನು ನೋಡಿದಳು. "ತಾಹಿರ್, ಆ ಕಪ್ಪು ಕಲ್ಲಿನ ತನಕ ಹೋಗ್ಲಿಕ್ಕೆ ಆಗ್ತದಾ?"

ತಾಹಿರ್ ಇಳಿದು ಹೋಗಿ ನೆಲವನ್ನು ಶೂವಿನ ಹಿಮ್ಮಡಿಯಿಂದ ಒತ್ತಿ ನೋಡಿ ಬಂದ. "ಬೇಡ ಟೀಚರೇ. ಅದು ಕಾರು ಹೋದ ಗುರ್ತು. ಮನುಷ್ಯರು ನಡಿಲಿಕ್ಕೆ ಗಟ್ಟಿ ಉಂಟು. ಬಸ್ಸಿಗೆ ಸಾಕಾ, ಗೊತ್ತಿಲ್ಲ."

"ಖಾಲಿ ಬಸ್ಸಲ್ವಾ ಮಾರಾಯ್ರೆ. ಮಕ್ಕಳೆಲ್ಲ ನಡೆದು ಹೋಗಿದ್ದಾರೆ."

"ಕಂಪನಿಯವ್ರು ರಸ್ತೆ ಬಿಟ್ಟು ಇಳಿಬೇಡ ಅಂದಿದ್ದಾರೆ."

"ಇಲ್ಲಿ ತನಕ ಬಂದದ್ದೇನು ರಸ್ತೆಯಾ? ಪಾಪ, ಹುಡುಗಿ ಇಷ್ಟು ದೂರ ಬಂದು ನೀರು ನೋಡದೆ ಹೋಗುದಾ? ನಿಧಾನ ಹೋಗುವ. ಏನಾದ್ರೂ ಆದ್ರೆ ನಾನಿದ್ದೇನಲ್ಲ, ನಾನು ಹೇಳ್ತೇನೆ."

ತಾಹಿರ್ ಒಂದು ಕ್ಷಣ ಹುಡುಗಿಯನ್ನು ನೋಡಿದ. ಅವನ ಮಗಳಿಗೂ ಅದೇ ವಯಸ್ಸು. "ನೀವು ಹೇಳಿದ್ರೆ ಆಯ್ತು" ಎಂದು ಸೀಟಿಗೆ ಹತ್ತಿದ.

ಬಸ್ಸು ನಡಿಗೆಯ ವೇಗದಲ್ಲಿ ಮುಂದೆ ಹೋಯಿತು. ಚಕ್ರದಡಿ ಉಪ್ಪು ಹಪ್ಪಳದಂತೆ ಪುಡಿಯಾಗುವ ಸದ್ದು. ನೂರು ಮೀಟರು, ಇನ್ನೂರು ಮೀಟರು. ಆಶ್ರಿತಾ, "ಕಾಣ್ತಿದೆ ಮ್ಯಾಮ್! ಅಲೆ ಕಾಣ್ತಿದೆ!" ಎಂದು ಸೀಟಿನಲ್ಲಿ ಅಡ್ಡ ತಿರುಗಿ ಅರ್ಧ ಎದ್ದಳು. ಕೂತುಕೋ ಎಂದು ಜೂಲಿಯೆಟ್ ಹೇಳುವಷ್ಟರಲ್ಲಿ ಕೆಳಗೆ ಏನೋ ಲಟಕ್ಕೆಂದು ಒಡೆಯಿತು. ಎಡಗಡೆಯ ಮುಂಚಕ್ರ ಧಸಕ್ಕನೆ ಇಳಿಯಿತು. ಅದರ ಹಿಂದೆಯೇ ಹಿಂಚಕ್ರವೂ ಇಳಿದು ಬಸ್ಸು ಎಡಕ್ಕೆ ವಾಲಿ ನಿಂತಿತು. ಆಶ್ರಿತಾ ಸೀಟಿನಿಂದ ಜಾರಿ ನಡುದಾರಿಗೆ ಬಿದ್ದಳು. ಪ್ಲಾಸ್ಟರಿನ ಕಾಲು ಎದುರು ಸೀಟಿನ ಕಬ್ಬಿಣದ ಕಂಬಿಗೆ ಬಡಿಯಿತು.

ಆ ಕೂಗು ಸಮುದ್ರದ ಹತ್ತಿರ ಇದ್ದ ಫ್ಲಾಯ್ಡ್‌ಗೂ ಕೇಳಿತಂತೆ.

ತಾಹಿರ್ ಒಂದೇ ಒಂದು ಸಲ ರಿವರ್ಸ್ ಹಾಕಿ ನೋಡಿದ. ಚಕ್ರ ತಿರುಗಿ ಇನ್ನೂ ಕೆಳಗಿಳಿಯಿತು. ಅವನು ಎಂಜಿನ್ ಆರಿಸಿ ಓಡಿ ಬಂದ. ಇಬ್ಬರೂ ಸೇರಿ ಹುಡುಗಿಯನ್ನು ಎತ್ತಿ ಸೀಟಿನ ಮೇಲೆ ಮಲಗಿಸಿದರು. ಕಾಲನ್ನು ಮುಟ್ಟಿದರೆ ಸಾಕು, ಅವಳು ಚೀರುತ್ತಿದ್ದಳು. ಪ್ಲಾಸ್ಟರು ಪಾದದ ಮೇಲೆ ಸೀಳಿತ್ತು. ಹೊರಗೆ ಕಪ್ಪು ಕೆಸರು ಮೇಲೆ ಬಂದು ಕೊಳೆತ ಮೊಟ್ಟೆಯ ವಾಸನೆ ಬಸ್ಸಿನೊಳಗೆ ತುಂಬಿತು. ಮಕ್ಕಳು ಓಡಿ ಬರುತ್ತಿದ್ದರು. ಫ್ಲಾಯ್ಡ್ ಅವರನ್ನು ದೂರದಲ್ಲೇ ತಡೆದು, ಸುತ್ತು ಹಾಕಿ ಗಟ್ಟಿ ನೆಲಕ್ಕೆ ಕರೆದುಕೊಂಡು ಹೋದ.

ಜೂಲಿಯೆಟ್ ಆಂಬುಲೆನ್ಸಿಗೆ ಫೋನ್ ಮಾಡಿದಳು. ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ಎಲ್ಲಿದ್ದೀರಿ ಎಂದು ಅವರು ಕೇಳಿದರು. ಹನ್ನೊಂದು ವರ್ಷದಿಂದ ಬರುತ್ತಿದ್ದ ಜಾಗ, ಆದರೆ ಅದಕ್ಕೊಂದು ಹೆಸರಿರಲಿಲ್ಲ. ದುಖಾನ್ ರಸ್ತೆ, ಬಲಕ್ಕೆ, ಜಲ್ಲಿ ದಾರಿ ಎಂದು ಮೂರು ಸಲ ಹೇಳಿದಳು. ಕೊನೆಗೆ ತಾಹಿರ್ ತನ್ನ ಫೋನಿನಿಂದ ಜಾಗದ ಗುರುತು ಕಳಿಸಿದ. ಅವರು ಹೊರಟಿದ್ದೇವೆ ಎಂದರು.

ಅನಂತರ ಮಾಡಲು ಏನೂ ಉಳಿಯಲಿಲ್ಲ. ಕಾಯಬೇಕಿತ್ತು. ಆ ಐವತ್ತು ನಿಮಿಷ ಜೂಲಿಯೆಟ್ ವಾಲಿದ ಬಸ್ಸಿನಲ್ಲಿ ಮಂಡಿಯೂರಿ ಕೂತು ಹುಡುಗಿಯ ಕಾಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೈ ಮರಗಟ್ಟಿತು. ನೋವಿನ ಮಾತ್ರೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿತ್ತು. ಆದರೆ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೋ, ಕೊಡಬಹುದೋ ಬಾರದೋ ತಿಳಿಯದೆ ಕೊಡಲಿಲ್ಲ. ವಿನಯ್‌ಗೆ ನಾಲ್ಕು ಸಲ ಫೋನ್ ಮಾಡಿದಳು. ಅವನು ಪ್ಲಾಂಟಿನ ಒಳಗೆ ಶಿಫ್ಟಿನಲ್ಲಿದ್ದ. ಒಳಗೆ ಫೋನ್ ಒಯ್ಯುವಂತಿಲ್ಲ. ಕಾಂತಾಮಣಿ ಮೊದಲ ರಿಂಗಿಗೇ ಎತ್ತಿದಳು. ವಿಷಯ ಕೇಳಿ ಒಂದೇ ಮಾತು ಹೇಳಿದಳು. "ಮಿಸ್, ಇಳಿಸಲ್ಲ ಅಂದಿದ್ರಲ್ಲಾ."

"ಇಳಿಸಲಿಲ್ಲ" ಎಂದಳು ಜೂಲಿಯೆಟ್.

ಅರ್ಧ ಗಂಟೆಯ ಹೊತ್ತಿಗೆ ಆಶ್ರಿತಾ ಮುಖ ಆ ಕಡೆ ತಿರುಗಿಸಿ ಪಿಸುಗುಟ್ಟಿದಳು. "ಮ್ಯಾಮ್, ವಾಷ್‌ರೂಮ್." ಅವಳ ಮುಖ ನೋವಿಗಿಂತ ನಾಚಿಕೆಯಿಂದ ಕೆಂಪಾಗಿತ್ತು. ಜೂಲಿಯೆಟ್ ಏನು ಮಾಡುವುದೆಂದು ಸುತ್ತ ನೋಡಿದಳು. ತಾಹಿರ್ ಏನೂ ಕೇಳಲಿಲ್ಲ. ಬಸ್ಸು ತೊಳೆಯುವ ಬಕೆಟ್ಟನ್ನು ನೀರಿನಿಂದ ಜಾಲಾಡಿ ಬಾಗಿಲಲ್ಲಿಟ್ಟು, ಎಲ್ಲ ಕಿಟಕಿಗಳ ಪರದೆ ಎಳೆದು, ಇಳಿದು ನಡೆದುಹೋದ. ಬಹಳ ದೂರ ಹೋಗಿ ಬೆನ್ನು ಹಾಕಿ ನಿಂತ. ಜೂಲಿಯೆಟ್ ಕರೆಯುವ ತನಕ ತಿರುಗಲಿಲ್ಲ.

ಆಂಬುಲೆನ್ಸಿಗಿಂತ ಮೊದಲು ಬಂದದ್ದು ಒಂದು ಪಿಕಪ್. ಹತ್ತಿರದಲ್ಲೆಲ್ಲೋ ಚಳಿಗಾಲದ ಡೇರೆ ಹಾಕಿಕೊಂಡಿದ್ದ ಒಬ್ಬ ಕತಾರಿ ಮುದುಕ, ಮಕ್ಕಳ ಗುಂಪನ್ನು ದೂರದಿಂದ ನೋಡಿ ಬಂದಿದ್ದ. ಅವನು ಬಸ್ಸನ್ನು ನೋಡಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಸಬ್ಖಾ! ಬಸ್ಸು ಸಬ್ಖಾಕ್ಕಾ! ಡ್ರೈವರ್ ಯಾರು?" ಎಂದು ಅರಬ್ಬಿ, ಹಿಂದಿ ಬೆರೆಸಿ ಕೇಳಿದ.

"ಅನಾ" ಎಂದ ತಾಹಿರ್. ನಾನು.

ಜೂಲಿಯೆಟ್ ಮುಂದೆ ಬಂದು, "ನಾನು ಹೇಳಿದ್ದು, ನಾನು" ಎಂದು ಎದೆ ಮುಟ್ಟಿ ತೋರಿಸಿದಳು. ಮುದುಕ ಅವಳನ್ನು ನೋಡಿ ತಲೆಯಾಡಿಸಿ, "ಮಾಫಿ ಮುಷ್ಕಿಲ್ ಸಿಸ್ಟರ್, ಯಲ್ಲಾ, ಬಿಂತ್ ಮೊದಲು" ಎಂದ. ಪರವಾಗಿಲ್ಲ, ನಡೆಯಿರಿ, ಹುಡುಗಿ ಮೊದಲು. ಅವನಿಗೆ ಆಗ ಬೇರೇನೂ ಬೇಕಿರಲಿಲ್ಲ. ತಾಹಿರ್ ಮತ್ತು ಫ್ಲಾಯ್ಡ್ ಒಂದು ಸೀಟಿನ ಹಲಗೆ ಬಿಚ್ಚಿ, ಅದರ ಮೇಲೆ ಹುಡುಗಿಯನ್ನು ಮಲಗಿಸಿ, ಕಣಕಾಲು ಹೂಳುವ ಕೆಸರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೊತ್ತು ಪಿಕಪ್ಪಿಗೆ ಹಾಕಿದರು. ಪಿಕಪ್ ಹೋಗಿ ಜಲ್ಲಿ ದಾರಿಯ ತುದಿಯಲ್ಲಿ ಆಂಬುಲೆನ್ಸನ್ನು ಸಂಧಿಸಿತು. ಜೂಲಿಯೆಟ್ ಹುಡುಗಿಯ ಜೊತೆ ಹೋದಳು. ಹಿಂದಿನಿಂದ ಪೊಲೀಸರು ಬಂದದ್ದು, ತಾಹಿರ್‌ನ ಲೈಸೆನ್ಸ್ ತೆಗೆದುಕೊಂಡದ್ದು, ಬಸ್ಸನ್ನು ಎಳೆಯಲು ಎರಡು ರಿಕವರಿ ಗಾಡಿ ಬೇಕಾದದ್ದು, ಇದೆಲ್ಲ ಅವಳಿಗೆ ಆಮೇಲೆ ಫ್ಲಾಯ್ಡ್‌ನಿಂದ ತಿಳಿಯಿತು.

ಮೂಳೆ ಜರುಗಿತ್ತು. ಅಂದು ಮಧ್ಯಾಹ್ನವೇ ಆಪರೇಷನ್ ಮಾಡಿ ಪ್ಲೇಟು ಹಾಕಿದರು. ಮೂರು ಗಂಟೆಗೆ ವಿನಯ್ ಪ್ಲಾಂಟಿನ ಬಟ್ಟೆಯಲ್ಲೇ ಓಡಿ ಬಂದ. ಕಾರಿಡಾರಿನಲ್ಲಿ ಜೂಲಿಯೆಟ್ ಎದ್ದು ನಿಂತು, ನಡೆದದ್ದನ್ನೆಲ್ಲ ಹೇಳಿದಳು. ಡ್ರೈವರ್ ಬೇಡ ಅಂದ, ನಾನೇ ಒತ್ತಾಯ ಮಾಡಿದೆ ಎಂದಳು. ವಿನಯ್ ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. "ಈಗ ಅದೆಲ್ಲ ಬೇಡಿ ಮೇಡಂ" ಎಂದು ಬಾಗಿಲಿನತ್ತ ಹೋದ.

ಎರಡು ದಿನ ಬಿಟ್ಟು ವಿನಯ್‌ನ ದೂರು ಶಾಲೆಗೆ ಬಂತು. ಅದರಲ್ಲಿ ಜೂಲಿಯೆಟ್‌ಳ ಹೆಸರೇ ಇರಲಿಲ್ಲ. ‘ಡ್ರೈವರನ ಬೇಜವಾಬ್ದಾರಿಯಿಂದ ನನ್ನ ಮಗಳು ಮತ್ತೊಮ್ಮೆ ಗಾಯಗೊಂಡಿದ್ದಾಳೆ’ ಎಂದಿತ್ತು. ಅವಳು ಅಂದೇ ಸಂಜೆ ಆಸ್ಪತ್ರೆಗೆ ಹೋಗಿ ವಿನಯ್‌ನನ್ನು ಹೊರಗೆ ಕರೆದಳು.

"ಸರ್, ನಾನು ಅಂದೇ ಹೇಳಿದೆನಲ್ಲ. ತಪ್ಪು ನನ್ನದು. ನನ್ನ ಹೆಸರು ಬರೀರಿ."

ವಿನಯ್ ಸಾವಧಾನದ ಮನುಷ್ಯ. ದನಿ ಏರಿಸಲಿಲ್ಲ. "ನೀವು ಒಳ್ಳೇದಕ್ಕೆ ಹೇಳಿದ್ರಿ ಮೇಡಂ, ನಂಗೊತ್ತು. ನನ್ನ ಮಗಳು ಇನ್ನೂ ಒಂದು ವರ್ಷ ನಿಮ್ಮ ಕ್ಲಾಸಲ್ಲಿ ಕೂರ್ಬೇಕು. ಆದ್ರೆ ಸ್ಟೀರಿಂಗ್ ಅವನ ಕೈಲಿತ್ತು. ನಮ್ಮ ಪ್ಲಾಂಟಲ್ಲಿ ಮ್ಯಾನೇಜರೇ ಬಂದು ವಾಲ್ವ್ ತಿರುಗ್ಸು ಅಂದ್ರೂ, ಸರಿಯಿಲ್ಲ ಅಂದ್ರೆ ಆಪರೇಟರ್ ತಿರುಗ್ಸಲ್ಲ. ಅವನು ಆಗಲ್ಲ ಅನ್ಬೇಕಿತ್ತು."

"ಅಂದ ಸರ್. ಎರಡು ಸಲ ಅಂದ."

"ಮೂರನೇ ಸಲಾನೂ ಅನ್ಬೇಕಿತ್ತು" ಎಂದ ವಿನಯ್. ಅವನ ಕಣ್ಣುಗಳು ಕೆಂಪಗಿದ್ದವು. ಎರಡು ರಾತ್ರಿ ಅವನು ಮಲಗಿರಲಿಲ್ಲ. ಮಗಳು ಒಳಗೆ ಡ್ರಿಪ್ಪಿನಲ್ಲಿದ್ದಳು. ಅವನ ಜೊತೆ ಇನ್ನು ವಾದ ಮಾಡುವ ಧೈರ್ಯ ಜೂಲಿಯೆಟ್‌ಗೆ ಬರಲಿಲ್ಲ.

ಮರುದಿನ ಪ್ರಿನ್ಸಿಪಾಲರು ಅವಳಿಂದ ಹೇಳಿಕೆ ಕೇಳಿದರು. ಅವಳು ರಾತ್ರಿಯೇ ಒಂದೂವರೆ ಪುಟ ಬರೆದಿಟ್ಟಿದ್ದಳು. ‘ಚಾಲಕ ಎರಡು ಬಾರಿ ನಿರಾಕರಿಸಿದ. ನಾನು ಒತ್ತಾಯಿಸಿದೆ. ಹೊಣೆ ನನ್ನದೆಂದು ಹೇಳಿದೆ.’ ಪ್ರಿನ್ಸಿಪಾಲರು ಕನ್ನಡಕ ಏರಿಸಿ ಓದಿದರು. ಕೇರಳದ ಹಿರಿಯ ಮಹಿಳೆ, ಜೂಲಿಯೆಟ್‌ಗಿಂತ ಮೊದಲಿನಿಂದ ಶಾಲೆಯಲ್ಲಿದ್ದವರು. ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡಿದರು. ಇದು ಹೀಗೇ ಹೋದರೆ ಶಾಲೆಯ ಮೇಲೆ ವಿಚಾರಣೆ ಬರುತ್ತದೆ, ನಿನ್ನ ಕೆಲಸದ ಪರವಾನಗಿ ಇರುವುದಿಲ್ಲ. ರಸ್ತೆ ಬಿಟ್ಟು ಇಳಿಯಬಾರದೆಂದು ಬಸ್ಸಿನ ಕಂಪನಿಯ ಕರಾರಿನಲ್ಲೇ ಇದೆ, ಆದ್ದರಿಂದ ನೀನು ಏನು ಬರೆದರೂ ಚಾಲಕನ ಪಾಲು ಕಡಿಮೆಯಾಗುವುದಿಲ್ಲ. ನೀನು ಹೋದರೆ ಇಬ್ಬರು ಹೋದಂತೆ, ಅಷ್ಟೇ. ಹೀಗೆ ಹೇಳಿ ಅವರು ಟೈಪು ಮಾಡಿಟ್ಟಿದ್ದ ಇನ್ನೊಂದು ಹಾಳೆಯನ್ನು ಮುಂದೆ ತಳ್ಳಿದರು. ಅದರಲ್ಲಿ ಆರು ಸಾಲು. ಒತ್ತಾಯಿಸಿದೆ ಎಂಬಲ್ಲಿ ‘ವಿದ್ಯಾರ್ಥಿನಿಗೆ ಸಮುದ್ರ ಕಾಣುವಂತಾದರೆ ಒಳ್ಳೆಯದೆಂದು ಅಭಿಪ್ರಾಯಪಟ್ಟೆ’ ಎಂದಿತ್ತು.

"ನಾಳೆ ತನಕ ಟೈಮ್ ಕೊಡಿ ಮ್ಯಾಮ್" ಎಂದಳು ಜೂಲಿಯೆಟ್.

ಮನೆಯಲ್ಲಿ ಗಂಡ ಲ್ಯಾನ್ಸ್‌ಲಾಟ್ ಅಡುಗೆ ಮಾಡುತ್ತಿದ್ದ. ಕಟ್ಟಡದ ಕಂಪನಿಯಲ್ಲಿ ಅವನ ಪ್ರಾಜೆಕ್ಟು ಮುಗಿದು ನಾಲ್ಕು ತಿಂಗಳಿಂದ ಕೆಲಸವಿರಲಿಲ್ಲ. ಮನೆ ನಡೆಯುತ್ತಿದ್ದುದು ಅವಳೊಬ್ಬಳ ಕೆಲಸದಿಂದ. ಅವಳು ಎರಡೂ ಹಾಳೆಗಳನ್ನು ಊಟದ ಮೇಜಿನ ಮೇಲಿಟ್ಟಳು. ಅವನು ಕೈ ಒರೆಸಿಕೊಂಡು ಎರಡನ್ನೂ ಓದಿದ. ಒಂದರ ಮೇಲೊಂದು ಜೋಡಿಸಿಟ್ಟ.

"ನೀನೇ ಹೇಳು" ಎಂದಳು ಅವಳು.

"ನಾನು ಎಂತ ಹೇಳುದು ಜೂಲಿ? ನಾನೀಗ ಹೇಳುವ ಜಾಗದಲ್ಲಿ ಇಲ್ಲ" ಎಂದ. ಆಮೇಲೆ ಒಲೆಯ ಕಡೆ ತಿರುಗಿಕೊಂಡು, "ಕ್ಯಾರೊಲ್‌ಗೆ ಕಾಲೇಜು ಇನ್ನೆರಡು ವರ್ಷ ಉಂಟು" ಎಂದ.

ಮರುದಿನ ಬೆಳಿಗ್ಗೆ ಅವಳು ಆರು ಸಾಲಿನ ಹಾಳೆಗೆ ಸಹಿ ಹಾಕಿದಳು. ಮೊದಲ ಪೀರಿಯಡ್ಡಿನಲ್ಲಿ ಪಾಠ ಮಾಡಲಾಗಲಿಲ್ಲ. ಮಕ್ಕಳಿಗೆ ನಕ್ಷೆ ಬಿಡಿಸಲು ಹೇಳಿ ಕಿಟಕಿಯ ಹತ್ತಿರ ನಿಂತಿದ್ದಳು. ಹನ್ನೊಂದು ಗಂಟೆಗೆ ತಡೆಯಲಾರದೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, "ಆ ಕಾಗದ ವಾಪಸ್ ಕೊಡಿ ಮ್ಯಾಮ್. ನನ್ನದೇ ಕೊಡ್ತೇನೆ" ಎಂದಳು. ಅದು ಒಂಬತ್ತು ಗಂಟೆಗೇ ಕಂಪನಿಗೆ ಹೋಗಿತ್ತು. ಅವಳ ಒಂದೂವರೆ ಪುಟವನ್ನು ಪ್ರಿನ್ಸಿಪಾಲರು ತೆಗೆದುಕೊಂಡು ಫೈಲಿನಲ್ಲಿಟ್ಟರು. "ಇದೂ ಇರಲಿ" ಎಂದರು. ಆ ಫೈಲನ್ನು ಆಮೇಲೆ ಯಾರೂ ತೆರೆಯಲಿಲ್ಲ.

ವಾರ ಕಳೆಯುವಷ್ಟರಲ್ಲಿ ಕಂಪನಿ ತಾಹಿರ್‌ನನ್ನು ತೆಗೆದುಹಾಕಿತು. ಬೆಳಗಿನ ಬಸ್ಸಿಗೆ ನೇಪಾಳದ ಹೊಸ ಡ್ರೈವರ್ ಬಂದ. ತಾಹಿರ್‌ನ ಫೋನು ರಿಂಗಾಗುತ್ತಿತ್ತು, ಅವನು ಎತ್ತುತ್ತಿರಲಿಲ್ಲ. ಜೂಲಿಯೆಟ್ ಕಂಪನಿಯ ಆಫೀಸಿಗೆ ಹೋದಳು. ಕೌಂಟರಿನ ಹುಡುಗಿ ಶಹನಾ ಒಳಗೆ ಹೋಗಿ ಕೇಳಿ ಬಂದು, "ಸಾರಿ ಮೇಡಂ, ಅದು ಖಲಾಸ್ ಆಗಿದೆ. ಫೈಲ್ ಕ್ಲೋಸ್" ಎಂದು ಹಿಂದಿಯಲ್ಲಿ ಹೇಳಿದಳು. ಮ್ಯಾನೇಜರ್ ಹೊರಗೆ ಬರಲೇ ಇಲ್ಲ. ಜೂಲಿಯೆಟ್ ಒಂದೂವರೆ ಗಂಟೆ ಅಲ್ಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎದ್ದು ಬಂದಳು.

ಶುಕ್ರವಾರ ಅವಳು ಲ್ಯಾನ್ಸ್‌ಲಾಟ್‌ನನ್ನು ಕರೆದುಕೊಂಡು ಇಂಡಸ್ಟ್ರಿಯಲ್ ಏರಿಯಾದಲ್ಲಿ ಡ್ರೈವರುಗಳು ಇರುವ ಕಟ್ಟಡಕ್ಕೆ ಹೋದಳು. ಹೆಂಗಸರನ್ನು ಒಳಗೆ ಬಿಡುವುದಿಲ್ಲ. ಲ್ಯಾನ್ಸ್‌ಲಾಟ್ ಹೋಗಿ ಕರೆತಂದ. ತಾಹಿರ್ ಜುಮ್ಮಾ ನಮಾಜು ಮುಗಿಸಿ ಬಂದಿದ್ದ, ಬಿಳಿ ಅಂಗಿ ಹಾಕಿದ್ದ. ಯೂನಿಫಾರ್ಮ್ ಇಲ್ಲದೆ ಅವನನ್ನು ಅವಳು ನೋಡಿದ್ದು ಅದೇ ಮೊದಲು. ಗೇಟಿನ ಪಕ್ಕ, ಗೋಡೆಯ ನೆರಳಿನಲ್ಲಿ ಮೂವರೂ ನಿಂತರು.

"ಹುಡುಗಿ ಹೇಗಿದ್ದಾಳೆ ಟೀಚರೇ?" ಎಂದು ಅವನೇ ಮೊದಲು ಕೇಳಿದ.

"ಮನೆಗೆ ಬಂದಿದ್ದಾಳೆ. ಎರಡು ತಿಂಗಳಲ್ಲಿ ನಡೆಯಬಹುದು ಅಂದಿದ್ದಾರೆ."

"ಅಲ್ಹಮ್ದುಲಿಲ್ಲಾ."

ಜೂಲಿಯೆಟ್ ಸಹಿಯ ವಿಷಯ ಮುಚ್ಚಿಡದೆ ಹೇಳಿದಳು. ತಾಹಿರ್ ನೆಲ ನೋಡುತ್ತ ಕೇಳಿದ. ಅವನಿಗೆ ಅದು ಮೊದಲೇ ಗೊತ್ತಿತ್ತು. ಕಂಪನಿಯಲ್ಲಿ ಆ ಕಾಗದವನ್ನು ಅವನೆದುರೇ ಓದಿದ್ದರು.

"ನಾನು ಅವ್ರಿಗೆ ಹೇಳಿದೆ, ಟೀಚರ್ ಹೇಳಿದ್ದು ಅಂತ. ಟೀಚರ್ ಹಾಗೆ ಬರೀಲಿಲ್ಲ, ನೀನು ಸುಳ್ಳುಗಾರ ಅಂದ್ರು." ಅವನ ದನಿಯಲ್ಲಿ ಸಿಟ್ಟಿತ್ತು, ಆದರೆ ಗಟ್ಟಿಯಾಗಿರಲಿಲ್ಲ. "ನಂಗೆ ಸುಳ್ಳುಗಾರ ಅಂದದ್ದು ಬೇಜಾರಾಯ್ತು. ಕೆಲ್ಸ ಹೋದದ್ದಕ್ಕಿಂತ ಅದು ಜಾಸ್ತಿ."

ಲ್ಯಾನ್ಸ್‌ಲಾಟ್, "ಬೇರೆ ಕಂಪನಿಯಲ್ಲಿ ನೋಡುವನಾ? ನಂಗೆ ಒಬ್ಬಿಬ್ಬರು ಗುರ್ತದವರು ಇದ್ದಾರೆ" ಎಂದ. ಹೇಳುವಾಗಲೇ ಅವನಿಗೆ ನಾಚಿಕೆಯಾಯಿತು. ಆ ಗುರುತಿನವರಿಂದ ಅವನಿಗೇ ನಾಲ್ಕು ತಿಂಗಳಿಂದ ಕೆಲಸ ಸಿಕ್ಕಿರಲಿಲ್ಲ.

"ಟಿಕೆಟ್ ಆಗಿದೆ. ಬುಧವಾರ" ಎಂದ ತಾಹಿರ್. ಸ್ವಲ್ಪ ತಡೆದು, "ಒಂದು ಉಪಕಾರ ಮಾಡಿ ಟೀಚರೇ. ನಾನು ಆರು ವರ್ಷ ಒಳ್ಳೇದಾಗಿ ಬಸ್ಸು ಓಡಿಸಿದ್ದೇನೆ ಅಂತ ಶಾಲೆಯ ಕಾಗದದಲ್ಲಿ ಬರ್ಕೊಡಿ. ಊರಲ್ಲಿ ಶಾಲೆ ವ್ಯಾನಿಗೆ ಕೇಳುವಾಗ ತೋರಿಸ್ಲಿಕ್ಕೆ" ಎಂದ.

ಶಾಲೆಯ ಲೆಟರ್‌ಹೆಡ್ ಪ್ರಿನ್ಸಿಪಾಲರ ಕಪಾಟಿನಲ್ಲಿತ್ತು. ಭಾನುವಾರ ಕೇಳಿದಾಗ, "ಅವನು ನಮ್ಮ ನೌಕರನಲ್ಲ, ನಾವು ಹೇಗೆ ಕೊಡುವುದು?" ಎಂದರು. ಸೋಮವಾರ ಮತ್ತೆ ಕೇಳಿದಳು. ಉತ್ತರ ಅದೇ. ಮಂಗಳವಾರ ಸಂಜೆ ಜೂಲಿಯೆಟ್ ಬಿಳಿ ಹಾಳೆಯ ಮೇಲೆ ಕೈಯಲ್ಲಿ ಬರೆದು, ತನ್ನ ಹೆಸರು, ಹುದ್ದೆ, ಫೋನ್ ನಂಬರು ಹಾಕಿ, ಅದೇ ಗೇಟಿಗೆ ಹೋಗಿ ಕೊಟ್ಟಳು. ತಾಹಿರ್ ಹಿಂದೆ ಮುಂದೆ ತಿರುಗಿಸಿ ನೋಡಿದ. ಸೀಲು ಇರಲಿಲ್ಲ. "ಆಯ್ತು ಟೀಚರೇ" ಎಂದು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಅವನಿಗೆ ಅದರಿಂದ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ತಿಳಿದಿತ್ತು. "ನೀವು ಬಂದದ್ದು ಸಂತೋಷ. ಬಂದ್ರೂ ಬರದಿದ್ರೂ ಟಿಕೆಟು ಅದೇ" ಎಂದ. ಚುಚ್ಚಲು ಹೇಳಿದ ಮಾತಲ್ಲ. ಇದ್ದದ್ದನ್ನು ಹೇಳಿದ.

ಏಪ್ರಿಲ್‌ನಲ್ಲಿ ಆಶ್ರಿತಾ ಶಾಲೆಗೆ ಬಂದಳು. ನಡಿಗೆಯಲ್ಲಿ ಸ್ವಲ್ಪ ಎಳೆತ ಉಳಿದಿತ್ತು. ಮೊದಲ ದಿನವೇ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಂತಳು. "ಮ್ಯಾಮ್, ತಾಹಿರ್ ಅಂಕಲ್ ನನ್ನಿಂದ ಹೋದ್ರಾ? ನಾನು ಅಪ್ಪಂಗೆ ಹೇಳ್ದೆ, ಅಂಕಲ್ ನೋ ನೋ ಅಂದ್ರು ಅಂತ. ಅಪ್ಪ, ಯು ಆರ್ ಎ ಚೈಲ್ಡ್ ಅಂದ್ರು."

"ನಿನ್ನಿಂದ ಅಲ್ಲ ಮಗಾ. ನನ್ನಿಂದ" ಎಂದಳು ಜೂಲಿಯೆಟ್. ಹುಡುಗಿ ಇನ್ನೂ ಏನೋ ಕೇಳಬೇಕೆಂದು ನಿಂತಿದ್ದಳು. ಜೂಲಿಯೆಟ್‌ಗೆ ಅವಳ ಮುಖ ನೋಡಲಾಗಲಿಲ್ಲ. ಮುಂದಿದ್ದ ನೋಟ್‌ಬುಕ್ಕುಗಳನ್ನು ಜೋಡಿಸತೊಡಗಿದಳು. ಆಶ್ರಿತಾ ಸ್ವಲ್ಪ ಹೊತ್ತು ಕಾದು ಹೋದಳು.

ಕರಾವಳಿಯ ಪ್ರವಾಸವನ್ನು ಶಾಲೆ ನಿಲ್ಲಿಸಿತು. ಅದರ ಬದಲು ಸ್ಮಾರ್ಟ್ ಬೋರ್ಡಿನಲ್ಲಿ ಹನ್ನೆರಡು ನಿಮಿಷದ ಒಂದು ವಿಡಿಯೋ ಬಂತು. ಯಾವುದೋ ದೂರದ ದೇಶದ ಸಮುದ್ರ ತೀರ. ಲ್ಯಾನ್ಸ್‌ಲಾಟ್‌ಗೆ ಮೇ ತಿಂಗಳಲ್ಲಿ ಒಂದು ಗೋದಾಮಿನಲ್ಲಿ ಮೊದಲಿಗಿಂತ ಸಣ್ಣ ಕೆಲಸ ಸಿಕ್ಕಿತು. ಜೂಲಿಯೆಟ್ ಎರಡು ವಾರಕ್ಕೊಮ್ಮೆ ತಾಹಿರ್‌ಗೆ ಮೆಸೇಜು ಕಳಿಸುತ್ತಿದ್ದಳು. ‘ನನ್ನನ್ನು ಕ್ಷಮಿಸಿ. ತಪ್ಪು ನನ್ನದು. ಯಾರು ಕೇಳಿದರೂ ನಾನು ಹೇಳುತ್ತೇನೆ.’ ಓದಿದ ಗುರುತು ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಬಕ್ರೀದಿನ ದಿನ ಫೋನ್ ಮಾಡಿದಾಗ ಅವನ ಹೆಂಡತಿ ನಶೀದಾ ಎತ್ತಿದಳು. ಹಬ್ಬದ ಮಾತಾಡಿ, "ಅವ್ರು ಲೋಡಿಗೆ ಹೋಗಿದ್ದಾರೆ. ಇಲ್ಲಿ ಗೂಡ್ಸ್ ಟೆಂಪೋ ಓಡಿಸುದು" ಎಂದಳು. ಕತಾರಿನ ವಿಷಯ ಎತ್ತಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ, ಸ್ಟಾಫ್‌ರೂಮಿನಲ್ಲಿ ಊಟ ಮಾಡುವಾಗ ತಾಹಿರ್‌ನ ಫೋನ್ ಬಂತು. ಜೂಲಿಯೆಟ್ ಚಮಚ ಬಿಟ್ಟು ಕಾರಿಡಾರಿಗೆ ಓಡಿದಳು.

"ಟೀಚರೇ, ಹುಷಾರಾ?"

"ತಾಹಿರ್! ಹೇಗಿದ್ದೀರಿ? ಮಗಳು ಹೇಗಿದ್ದಾಳೆ?"

"ಸೌಖ್ಯ ಇದ್ದೇವೆ. ಒಂದು ಮಾತು ಹೇಳ್ಲಿಕ್ಕೆ ಮಾಡಿದ್ದು." ಹಿಂದೆ ಲಾರಿಗಳ ಹಾರ್ನು ಕೇಳುತ್ತಿತ್ತು. "ಊರಲ್ಲಿ ನಾನು ಕಾಂಟ್ರಾಕ್ಟ್ ಮುಗೀತು, ಬಂದೆ ಅಂತ ಹೇಳಿದ್ದೇನೆ. ನಶೀದಾಗೂ ಅಷ್ಟೇ ಗೊತ್ತಿರುದು. ನೀವು ಮೆಸೇಜು ಮಾಡ್ತೀರಲ್ಲ, ತಪ್ಪು ನಂದು, ಕ್ಷಮಿಸಿ ಅಂತ. ನನ್ನ ಫೋನು ಮಗಳು ನೋಡ್ತಾಳೆ. ಮೊನ್ನೆ ಕೇಳಿದ್ಳು, ಇದು ಎಂತ ತಪ್ಪು ಬಾಪಾ ಅಂತ."

ಜೂಲಿಯೆಟ್ ಸ್ಟಾಫ್‌ರೂಮಿನ ಬಾಗಿಲು ಎಳೆದು ಮುಚ್ಚಿದಳು.

"ನಿಮ್ಮ ಮೇಲೆ ಸಿಟ್ಟು ಇಟ್ಕೊಂಡು ಹೇಳುದಲ್ಲ. ಆದ್ರೆ ಇನ್ನು ಅದು ಬರೀಬೇಡಿ."

"ಆಯ್ತು ತಾಹಿರ್" ಎಂದಳು ಅವಳು. "ಬರಿಯುದಿಲ್ಲ."

"ಹುಡುಗಿ ನಡೀತಾಳಾ?"

"ನಡೀತಾಳೆ."

"ಹಾಂ. ಸಾಕು." ಯಾರೋ ಅವನನ್ನು ಕೂಗಿ ಕರೆದರು. "ಲೋಡು ಇಳಿಸ್ಲಿಕ್ಕುಂಟು, ಇಡ್ತೇನೆ" ಎಂದು ಅವನು ಫೋನಿಟ್ಟ.

ಜೂಲಿಯೆಟ್ ಅಲ್ಲೇ ನಿಂತು ತಾನು ಕಳಿಸಿದ್ದ ಮೆಸೇಜುಗಳನ್ನು ಒಂದೊಂದಾಗಿ ತೆರೆದು ಅಳಿಸಲು ನೋಡಿದಳು. ದಿನ ಬಹಳವಾಗಿದ್ದರಿಂದ ಅವು ಅವಳ ಫೋನಿನಿಂದ ಮಾತ್ರ ಹೋದವು. ಅವನ ಕಡೆಯಿಂದ ಹೋಗಲಿಲ್ಲ. ಅಷ್ಟರಲ್ಲಿ ಆರನೇ ಪೀರಿಯಡ್ಡಿನ ಗಂಟೆ ಹೊಡೆಯಿತು. ಅವಳು ಒಳಗೆ ಹೋಗಿ, ಅರ್ಧ ಉಂಡ ಡಬ್ಬಿ ಮುಚ್ಚಿ, ಹಾಜರಿ ಪುಸ್ತಕ ತೆಗೆದುಕೊಂಡು ತರಗತಿಗೆ ನಡೆದಳು.